ದತ್ತು ಖರ್ಚಿಗೆ ನೆರವು: ಗ್ರಾಂಟ್, ಬಡ್ಡಿಯಿಲ್ಲದ ಸಾಲ, ಚಂದಾ, ಕಂಪನಿಯ ಹಣ – ಯಾವುದು ಯಾರಿಗೆ?

ಅಮೆರಿಕದಲ್ಲಿ ನೆಲೆಸಿ ಮಗುವೊಂದನ್ನು ದತ್ತು ಪಡೆಯಲು ಮನಸ್ಸು ಮಾಡಿದವರು ಮೊದಲು ಕೇಳುವುದು "ಎಷ್ಟು ಖರ್ಚಾಗುತ್ತದೆ?" ಎಂದು. ಖಾಸಗಿ ಏಜೆನ್ಸಿಯ ಮೂಲಕ ನವಜಾತ ಶಿಶುವನ್ನು ಪಡೆಯಲು ಸಾಮಾನ್ಯವಾಗಿ 30,000ದಿಂದ 60,000 ಡಾಲರ್, ಹೊರದೇಶದಿಂದಾದರೆ 20,000ದಿಂದ 50,000 ಡಾಲರ್ ಬೇಕು. ಫಾಸ್ಟರ್ ಕೇರ್ ವ್ಯವಸ್ಥೆಯಲ್ಲಿರುವ, ಅಂದರೆ ಹೆತ್ತವರ ಬಳಿ ಇರಲಾಗದೆ ಸರ್ಕಾರದ ಆರೈಕೆಯಲ್ಲಿರುವ ಮಗುವಾದರೆ ಬಹುಪಾಲು ಏನೂ ಇಲ್ಲ, ಅಥವಾ ಎರಡು ಮೂರು ಸಾವಿರದೊಳಗೆ ಮುಗಿಯುತ್ತದೆ. ಈ ಅಂಕಿ ಕೇಳಿದ ಮೇಲೆ "ಯಾರಾದರೂ ಸಹಾಯ ಮಾಡುತ್ತಾರಾ?" ಎಂಬ ಪ್ರಶ್ನೆ ತಾನಾಗಿಯೇ ಬರುತ್ತದೆ.

ಮಾಡುತ್ತಾರೆ, ಒಬ್ಬರಲ್ಲ ಹತ್ತಾರು ಕಡೆಯವರು. ಮರಳಿ ಕೊಡಬೇಕಿಲ್ಲದ ಗ್ರಾಂಟ್, ಬಡ್ಡಿಯಿಲ್ಲದ ಸಾಲ, ನೀವು ಕೂಡಿಸಿದಷ್ಟಕ್ಕೆ ತಾವೂ ಸೇರಿಸುವ ಮ್ಯಾಚಿಂಗ್ ಗ್ರಾಂಟ್, ಆನ್‌ಲೈನ್ ಚಂದಾ, ಕೆಲಸ ಕೊಟ್ಟ ಕಂಪನಿಯ ನೆರವು, ಇವೆಲ್ಲದರ ಬೆನ್ನಿಗೆ ಕೇಂದ್ರ ಸರ್ಕಾರದ ಟ್ಯಾಕ್ಸ್ ಕ್ರೆಡಿಟ್, ಅಂದರೆ ಕಟ್ಟಬೇಕಾದ ತೆರಿಗೆಯಲ್ಲೇ ಸಿಗುವ ಕಡಿತ. ಹೆಚ್ಚಿನವರು ಇವುಗಳನ್ನು ಮೊತ್ತದ ಲೆಕ್ಕದಲ್ಲಿ ಹೋಲಿಸುತ್ತಾರೆ. ಅಲ್ಲೇ ತಪ್ಪುವುದು. ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಎಂಬ ಗಾದೆ ದತ್ತು ಹಣಕ್ಕೆ ಚೆನ್ನಾಗಿ ಒಪ್ಪುತ್ತದೆ. ಏಜೆನ್ಸಿಗೆ ಕಟ್ಟಬೇಕಾದ ದಿನ ಯಾವ ಹಣ ಕೈಯಲ್ಲಿರುತ್ತದೆ, ಯಾವುದು ಒಂದೂವರೆ ವರ್ಷ ಬಿಟ್ಟು ಬರುತ್ತದೆ ಎಂಬುದು ಮೊತ್ತಕ್ಕಿಂತ ದೊಡ್ಡ ವಿಷಯ.

ತೂಗುವ ಮೊದಲು ತಕ್ಕಡಿ

ಯಾವ ನೆರವಿನ ಬಗ್ಗೆ ಓದುವಾಗಲೂ ಈ ಪ್ರಶ್ನೆಗಳನ್ನು ಎದುರಿಗಿಟ್ಟುಕೊಳ್ಳಿ.

ಹಣ ಯಾವ ಹಂತದಲ್ಲಿ ಬರುತ್ತದೆ? ದತ್ತು ಖರ್ಚು ಒಂದೇ ಸಲ ಬೀಳುವುದಿಲ್ಲ. ಮೊದಲು ಏಜೆನ್ಸಿಯ ಅರ್ಜಿ ಶುಲ್ಕ. ಆಮೇಲೆ ಹೋಮ್ ಸ್ಟಡಿ, ಅಂದರೆ ಸಮಾಜ ಕಾರ್ಯಕರ್ತರು ಮನೆಗೆ ಬಂದು ಕುಟುಂಬದ ಆರೋಗ್ಯ, ಆದಾಯ, ಹಿನ್ನೆಲೆಯನ್ನೆಲ್ಲ ಪರಿಶೀಲಿಸಿ ಬರೆಯುವ ವರದಿ. ಇದಕ್ಕೆ ಸಾಮಾನ್ಯವಾಗಿ 1,000ದಿಂದ 3,000 ಡಾಲರ್. ಅತಿ ದೊಡ್ಡ ಕಂತು ಬೀಳುವುದು ಮಗು ಇಂಥದ್ದೆಂದು ಗೊತ್ತಾದಾಗ ಅಥವಾ ಮಗು ಮನೆಗೆ ಬರುವಾಗ. ಕೊನೆಯದು ನ್ಯಾಯಾಲಯದ ಖರ್ಚು.

ಅರ್ಹತೆಗೆ ಯಾವ ಷರತ್ತುಗಳಿವೆ? ಪೌರತ್ವ, ಮದುವೆ, ಧರ್ಮ, ಆದಾಯ, ಏಜೆನ್ಸಿಯ ಸ್ವರೂಪ ಎಲ್ಲವೂ ಇಲ್ಲಿ ಬರುತ್ತವೆ.

ದತ್ತು ಅರ್ಧಕ್ಕೆ ನಿಂತರೆ ಹಣದ ಗತಿಯೇನು? ಹೆತ್ತ ತಾಯಿ ಮನಸ್ಸು ಬದಲಿಸುವ ಹಕ್ಕು ಅವಳದು, ಹಾಗಾಗುವುದೂ ಉಂಟು.

ಈ ನೆರವು ಟ್ಯಾಕ್ಸ್ ಕ್ರೆಡಿಟ್ಟನ್ನು ಕಡಿಮೆ ಮಾಡುತ್ತದೆಯೇ? ಇದನ್ನು ಕೇಳಿಕೊಳ್ಳುವವರು ಬಹಳ ಕಡಿಮೆ, ಆದರೆ ಸಾವಿರಾರು ಡಾಲರ್ ಇದರ ಮೇಲೆ ನಿಂತಿದೆ.

ಕೊನೆಯದಾಗಿ, ನಿಮ್ಮ ಮತ್ತು ಮಗುವಿನ ಖಾಸಗಿತನವನ್ನು ಎಷ್ಟು ತೆರೆದಿಡಬೇಕಾಗುತ್ತದೆ?

ಮೊದಲು ಟ್ಯಾಕ್ಸ್ ಕ್ರೆಡಿಟ್, ಏಕೆಂದರೆ ಉಳಿದೆಲ್ಲ ಅದರ ಸುತ್ತ

ಇದು ದಾನವಲ್ಲ. ಆದರೆ ದಾನದ ಹಣ ನಿಮಗೆ ನಿಜವಾಗಿ ಎಷ್ಟು ಬೆಲೆಬಾಳುತ್ತದೆ ಎಂಬುದನ್ನು ತೀರ್ಮಾನಿಸುವುದು ಇದೇ.

2025ರಲ್ಲಿ ಒಂದು ಮಗುವಿಗೆ ಗರಿಷ್ಠ 17,280 ಡಾಲರ್ ಕ್ರೆಡಿಟ್ ಇದೆ, 2026ಕ್ಕೆ 17,670. 2025ರ ಲೆಕ್ಕದಲ್ಲಿ ಆದಾಯ 2,59,190 ಡಾಲರ್ ದಾಟಿದ ಮೇಲೆ ಅದು ಇಳಿಯುತ್ತಾ ಹೋಗಿ 2,99,190ಕ್ಕೆ ಸೊನ್ನೆಯಾಗುತ್ತದೆ. ಗಂಡ ಹೆಂಡತಿ ಇಬ್ಬರೂ ಐಟಿಯಲ್ಲಿದ್ದರೆ ಈ ಗೆರೆಯನ್ನು ಗಮನಿಸಲೇಬೇಕು. ಬೋನಸ್, ಷೇರು ಮಾರಾಟ ಎಲ್ಲ ಸೇರಿ ಗೆರೆ ದಾಟಿಬಿಡುವುದು ಸುಲಭ. ದಂಪತಿಗಳು ಸಾಮಾನ್ಯವಾಗಿ ಜಂಟಿಯಾಗಿಯೇ ರಿಟರ್ನ್ ಸಲ್ಲಿಸಬೇಕು, ಅದರ ಜೊತೆಗೆ ಈ ಕ್ರೆಡಿಟ್ ಕೇಳುವ ಫಾರ್ಮ್ 8839 ಹೋಗಬೇಕು.

2025ರಿಂದ ಒಂದು ದೊಡ್ಡ ಬದಲಾವಣೆ ಬಂದಿದೆ. ಆ ವರ್ಷದ ಜುಲೈ 4ರಂದು ಸಹಿ ಬಿದ್ದ ಕಾನೂನಿನ ಪ್ರಕಾರ, ಕ್ರೆಡಿಟ್‌ನ 5,000 ಡಾಲರ್‌ವರೆಗಿನ ಭಾಗ (2026ಕ್ಕೆ 5,120) ರೀಫಂಡ್ ಆಗುತ್ತದೆ. ಅಂದರೆ ನೀವು ಕಟ್ಟಬೇಕಾದ ತೆರಿಗೆ ಸೊನ್ನೆಯಿದ್ದರೂ ಅಷ್ಟು ಹಣ ಕೈಗೆ ಬರುತ್ತದೆ. ಉಳಿದ ಭಾಗ ನಿಮ್ಮ ತೆರಿಗೆಯನ್ನು ಇಳಿಸಬಲ್ಲದೇ ಹೊರತು ಹಣವಾಗಿ ಬಾರದು. ಒಂದು ವರ್ಷದಲ್ಲಿ ಬಳಸಲಾಗದಿದ್ದರೆ ಮುಂದಿನ ಐದು ವರ್ಷಕ್ಕೆ ಒಯ್ಯಬಹುದು, ಆದರೆ ಹಾಗೆ ಒಯ್ದ ಮೊತ್ತಕ್ಕೆ ರೀಫಂಡ್ ಸೌಲಭ್ಯವಿಲ್ಲ.

ಯಾವಾಗ ಕೇಳಬಹುದು ಎಂಬುದರಲ್ಲಿ ದೇಶದೊಳಗಿನ ಮತ್ತು ಹೊರದೇಶದ ದತ್ತಿಗೆ ಬೇರೆ ಬೇರೆ ನಿಯಮ. ದೇಶದೊಳಗಿನದಾದರೆ, ದತ್ತು ಇನ್ನೂ ಅಂತಿಮವಾಗದಿದ್ದರೂ ಖರ್ಚು ಮಾಡಿದ ಮರುವರ್ಷದ ರಿಟರ್ನ್‌ನಲ್ಲಿ ಕೇಳಬಹುದು. ಪ್ರಯತ್ನ ವಿಫಲವಾದರೂ ಕೇಳಬಹುದು, ಆದರೆ ಆಮೇಲೆ ಇನ್ನೊಂದು ದತ್ತು ಸಫಲವಾದರೆ ಎರಡೂ ಸೇರಿ ಒಂದೇ ಮಿತಿ. ಹೊರದೇಶದ ಮಗುವಾದರೆ ದತ್ತು ಅಂತಿಮವಾಗುವ ತನಕ ಒಂದು ಡಾಲರ್ ಕೂಡ ಕೇಳುವಂತಿಲ್ಲ. ಅದು ಮುರಿದುಬಿದ್ದರೆ ಏನೂ ಇಲ್ಲ. ಸಂಗಾತಿಯ ಮಗುವನ್ನು ದತ್ತು ಪಡೆಯುವ ಖರ್ಚು, ಬಾಡಿಗೆ ತಾಯ್ತನದ ಖರ್ಚು ಇವು ಎರಡಕ್ಕೂ ಈ ಕ್ರೆಡಿಟ್ ಅನ್ವಯಿಸುವುದಿಲ್ಲ.

ಈಗ ಅಸಲು ವಿಷಯ. ಕಂಪನಿಯಾಗಲಿ, ಸಂಸ್ಥೆಯಾಗಲಿ, ಬೇರೆ ಯಾರಾಗಲಿ ಭರಿಸಿದ ಖರ್ಚನ್ನು ನೀವು ಕ್ರೆಡಿಟ್ ಲೆಕ್ಕಕ್ಕೆ ಸೇರಿಸುವಂತಿಲ್ಲ. ಇದರ ಪರಿಣಾಮವನ್ನು ಎರಡು ಕುಟುಂಬಗಳ ಲೆಕ್ಕದಲ್ಲಿ ನೋಡಿ.

ಒಂದು ಕುಟುಂಬದ ಅರ್ಹ ಖರ್ಚು 45,000 ಡಾಲರ್, ಸಿಕ್ಕ ಗ್ರಾಂಟ್ 10,000. ಉಳಿದದ್ದು 35,000. ಅದು ಹೇಗೂ 17,280ರ ಮಿತಿಗಿಂತ ಹೆಚ್ಚಿರುವುದರಿಂದ ಕ್ರೆಡಿಟ್‌ಗೆ ಏನೂ ಪೆಟ್ಟಿಲ್ಲ. ಗ್ರಾಂಟ್ ಪೂರ್ತಿ ಲಾಭ.

ಇನ್ನೊಂದು ಕುಟುಂಬದ ಖರ್ಚು 20,000, ಗ್ರಾಂಟ್ ಅಷ್ಟೇ 10,000. ಗ್ರಾಂಟ್ ಇಲ್ಲದಿದ್ದರೆ 17,280 ಕ್ರೆಡಿಟ್ ಸಿಗುತ್ತಿತ್ತು, ಈಗ ಸಿಗುವುದು 10,000. ಕಳೆದುಕೊಂಡದ್ದು 7,280. ಹಾಗಾಗಿ ಹತ್ತು ಸಾವಿರದ ಗ್ರಾಂಟ್‌ನ ನಿಜವಾದ ಬೆಲೆ 2,720 ಡಾಲರ್ ಮಾತ್ರ. ತಿಂಗಳುಗಟ್ಟಲೆ ಅರ್ಜಿ, ಪ್ರಬಂಧ, ಶಿಫಾರಸು ಪತ್ರಗಳ ಶ್ರಮಕ್ಕೆ ಇಷ್ಟೇ. ಇಂಥವರಿಗೆ ಗ್ರಾಂಟ್‌ಗಿಂತ ಬಡ್ಡಿಯಿಲ್ಲದ ಸಾಲ ವಾಸಿ, ಏಕೆಂದರೆ ಸಾಲದ ಹಣದಿಂದ ಮಾಡಿದ ಖರ್ಚು ನಿಮ್ಮದೇ ಖರ್ಚು.

ಆದರೆ ಅದೇ ಎರಡನೇ ಕುಟುಂಬದ ವಾರ್ಷಿಕ ತೆರಿಗೆ ಬರೀ 1,500 ಡಾಲರ್ ಎಂದುಕೊಳ್ಳಿ. ಗ್ರಾಂಟ್ ಇಲ್ಲದೆ 17,280ರಲ್ಲಿ 5,000 ರೀಫಂಡ್ ಬರುತ್ತದೆ. ಮಿಕ್ಕ 12,280ರಲ್ಲಿ ಆ ವರ್ಷ ಮತ್ತು ಮುಂದಿನ ಐದು ವರ್ಷ, ಅಂದರೆ ಆರು ಸಲ 1,500ರಂತೆ 9,000 ಬಳಕೆಯಾಗುತ್ತದೆ, 3,280 ವ್ಯರ್ಥ. ಅದೂ ಆರು ವರ್ಷ ಕಾದ ಮೇಲೆ. ಗ್ರಾಂಟ್ ಪಡೆದರೆ ಹತ್ತು ಸಾವಿರ ಈಗಲೇ, ಮಿಕ್ಕ ಹತ್ತು ಸಾವಿರದ ಕ್ರೆಡಿಟ್‌ನಲ್ಲಿ ಐದು ಸಾವಿರ ರೀಫಂಡ್, ಇನ್ನೈದು ಸಾವಿರ ನಾಲ್ಕು ವರ್ಷದೊಳಗೆ. ಖರ್ಚಿಗೆ ಖರ್ಚು ಪೂರ್ತಿ ಸರಿಹೋಯಿತು. ಆದಾಯ ಕಡಿಮೆಯಿದ್ದಷ್ಟೂ ಗ್ರಾಂಟ್‌ನ ಬೆಲೆ ಏರುತ್ತದೆ.

ಗ್ರಾಂಟ್: ಮರಳಿ ಕೊಡಬೇಕಿಲ್ಲ, ಆದರೆ ಸಲೀಸೂ ಅಲ್ಲ

ಸಾಮಾನ್ಯ ನಡಾವಳಿ ಹೀಗಿರುತ್ತದೆ: ಹೋಮ್ ಸ್ಟಡಿ ಮುಗಿದು ಅನುಮೋದನೆ ಸಿಗುವ ತನಕ ಅರ್ಜಿ ತೆಗೆದುಕೊಳ್ಳುವುದಿಲ್ಲ. ಅಂದಮೇಲೆ ಹೋಮ್ ಸ್ಟಡಿಯ ಖರ್ಚು ನಿಮ್ಮ ಜೇಬಿನಿಂದಲೇ. ಅರ್ಜಿ ಸೇರಿದ ಮೇಲೆ ಮಂಡಳಿ ಕೂತು ನಿರ್ಧರಿಸಲು ಕೆಲವು ತಿಂಗಳು ಬೇಕು. ಮಂಜೂರಾದ ಹಣ ನಿಮ್ಮ ಖಾತೆಗೆ ಬರುವುದಿಲ್ಲ, ಏಜೆನ್ಸಿಗೋ ವಕೀಲರಿಗೋ ನೇರವಾಗಿ ಹೋಗುತ್ತದೆ. ಈಗಾಗಲೇ ಕಟ್ಟಿದ ಶುಲ್ಕವನ್ನು ಸಾಮಾನ್ಯವಾಗಿ ತುಂಬಿಕೊಡುವುದಿಲ್ಲ. "ಮೊದಲು ಉಳಿತಾಯವನ್ನೆಲ್ಲ ಹಾಕಿ ಕಟ್ಟಿಬಿಡೋಣ, ಆಮೇಲೆ ಗ್ರಾಂಟ್‌ಗೆ ಹಾಕೋಣ" ಎಂದವರು ಅರ್ಹತೆಯನ್ನೇ ಕಳೆದುಕೊಳ್ಳುವುದು ಹೀಗೆ.

ಹೆಲ್ಪ್‌ಅಸ್‌ಅಡಾಪ್ಟ್ ಸಂಸ್ಥೆ 2007ರಲ್ಲಿ ಶುರುವಾದದ್ದು. ಅವಿವಾಹಿತರು, ಸಲಿಂಗಿ ದಂಪತಿಗಳು, ಯಾವ ಧರ್ಮದವರೇ ಆದರೂ ಅರ್ಜಿ ಹಾಕಬಹುದು. ಗ್ರಾಂಟ್ 20,000 ಡಾಲರ್‌ವರೆಗೂ ಹೋಗುತ್ತದೆ. ಮೊತ್ತ ದೊಡ್ಡದಾದ್ದರಿಂದ ಪೈಪೋಟಿಯೂ ದೊಡ್ಡದು. 1996ರಲ್ಲಿ ಹುಟ್ಟಿದ ಗಿಫ್ಟ್ ಆಫ್ ಅಡಾಪ್ಷನ್ ಫಂಡ್‌ನ ಒಲವು ತುರ್ತಿನಲ್ಲಿರುವ ಮಕ್ಕಳ ಕಡೆಗೆ: ಅಣ್ಣತಂಗಿಯರು ಬೇರೆಯಾಗುವ ಭಯವಿದ್ದರೆ, ಮಗುವಿಗೆ ಚಿಕಿತ್ಸೆ ಬೇಕಿದ್ದರೆ, ವಯಸ್ಸು ಮೀರಿ ವ್ಯವಸ್ಥೆಯಿಂದ ಹೊರಬೀಳುವ ಹಂತದಲ್ಲಿದ್ದರೆ. ಆರೋಗ್ಯವಂತ ನವಜಾತ ಶಿಶುವಿಗಾಗಿ ಕಾಯುತ್ತಿರುವವರು ಹೆಲ್ಪ್‌ಅಸ್‌ಅಡಾಪ್ಟ್‌ನಿಂದ ಶುರು ಮಾಡುವುದು ಒಳ್ಳೆಯದು. ಚಿಕಿತ್ಸೆ ಬೇಕಾದ ಮಗುವನ್ನೋ, ಒಡಹುಟ್ಟಿದವರ ಜೋಡಿಯನ್ನೋ ಒಪ್ಪಿಕೊಂಡವರು ಎರಡಕ್ಕೂ ಹಾಕಬೇಕು.

ಶೋ ಹೋಪ್, 2003ರಲ್ಲಿ ಗಾಯಕ ಸ್ಟೀವನ್ ಕರ್ಟಿಸ್ ಚಾಪ್ಮನ್ ಮತ್ತು ಪತ್ನಿ ಮೇರಿ ಬೆತ್ ಕಟ್ಟಿದ ಸಂಸ್ಥೆ. ಲೈಫ್‌ಸಾಂಗ್ ಫಾರ್ ಆರ್ಫನ್ಸ್ ಮ್ಯಾಚಿಂಗ್ ಗ್ರಾಂಟ್ ಮತ್ತು ಬಡ್ಡಿಯಿಲ್ಲದ ಸಾಲಕ್ಕೆ ಹೆಸರಾದದ್ದು. ಎರಡರ ಬೇರೂ ಕ್ರೈಸ್ತ ನಂಬಿಕೆಯಲ್ಲಿದೆ. ಈ ಕ್ಷೇತ್ರದ ದಾನಿ ಸಂಸ್ಥೆಗಳಲ್ಲಿ ದೊಡ್ಡ ಪಾಲು ಹೀಗೇ ಚರ್ಚಿನ ಹಿನ್ನೆಲೆಯವು. ಕೆಲವು ಅರ್ಜಿದಾರರಿಂದ ಶ್ರದ್ಧೆಯ ಘೋಷಣೆಗೆ ಸಹಿ, ಪಾದ್ರಿಯ ಪತ್ರ ಕೇಳುತ್ತವೆ. ಬೇರೆ ಧರ್ಮದ ಕುಟುಂಬಗಳು ಅರ್ಹತೆಯ ಪುಟವನ್ನು ಮೊದಲು ಓದಬೇಕು, ಅರ್ಜಿ ಶುಲ್ಕ ಕಟ್ಟುವುದು ಆಮೇಲೆ. ಅದು ವಾಪಸ್ ಬರುವ ಹಣವಲ್ಲ. ಗ್ರಾಂಟ್‌ಗೋಸ್ಕರ ಇಲ್ಲದ ನಂಬಿಕೆಗೆ ಸಹಿ ಹಾಕುವ ಯೋಚನೆ ಬೇಡವೇ ಬೇಡ. ಹೋಮ್ ಸ್ಟಡಿಯಲ್ಲಿ ಕುಟುಂಬದ ಧಾರ್ಮಿಕ ಹಿನ್ನೆಲೆ ದಾಖಲಾಗಿರುತ್ತದೆ, ಎರಡೂ ಕಾಗದ ಒಂದೇ ಮೇಜಿನ ಮೇಲೆ ಬರುತ್ತವೆ.

ಹೆಸರು ಕೇಳಿ ಮೋಸಹೋಗುವ ಇನ್ನೊಂದು ಕಡೆ ಡೇವ್ ಥಾಮಸ್ ಫೌಂಡೇಶನ್ ಫಾರ್ ಅಡಾಪ್ಷನ್. ವೆಂಡೀಸ್ ಹೋಟೆಲುಗಳ ಸ್ಥಾಪಕರು 1992ರಲ್ಲಿ ಆರಂಭಿಸಿದ ದೊಡ್ಡ ಸಂಸ್ಥೆಯಾದರೂ ಇದು ಕುಟುಂಬಗಳ ದತ್ತು ಖರ್ಚಿಗೆ ಹಣ ಕೊಡುವಂಥದ್ದಲ್ಲ. ಫಾಸ್ಟರ್ ಕೇರ್‌ನಲ್ಲಿ ಕಾಯುತ್ತಿರುವ ಮಕ್ಕಳಿಗೆ ಮನೆ ಹುಡುಕುವ ಸಿಬ್ಬಂದಿಗೆ ಅದರ ಹಣ ಹೋಗುತ್ತದೆ.

ಅರ್ಜಿ ಎಲ್ಲಿ ಬೀಳುತ್ತದೆ? ಬಹುಪಾಲು ಬಜೆಟ್ ಪುಟದಲ್ಲಿ. ಒಟ್ಟು ಖರ್ಚು, ಈಗಾಗಲೇ ಕಟ್ಟಿದ್ದು, ನೀವು ಹಾಕಬಲ್ಲದ್ದು, ಬೇರೆ ಕಡೆ ಕೇಳಿರುವುದು ಇವುಗಳನ್ನು ಕಳೆದರೆ ಉಳಿಯುವ ಕೊರತೆ ನೀವು ಕೇಳುವ ಮೊತ್ತಕ್ಕೆ ತಾಳೆಯಾಗಬೇಕು. ಬ್ಯಾಂಕಿನಲ್ಲಿ 60,000 ಇಟ್ಟುಕೊಂಡು 5,000 ಕೇಳಿದರೆ ಅಗತ್ಯವಿಲ್ಲ ಎನ್ನುತ್ತಾರೆ. 40,000 ಕೊರತೆ ತೋರಿಸಿ ಉಳಿದದ್ದನ್ನು ಎಲ್ಲಿಂದ ತರುತ್ತೀರಿ ಎಂದು ಬರೆಯದಿದ್ದರೆ, ಕೊಟ್ಟರೂ ದತ್ತು ಮುಗಿಯುವುದಿಲ್ಲ ಎಂದುಕೊಳ್ಳುತ್ತಾರೆ. ತಮ್ಮ ಹಣ ಕೊನೆಯ ಕಲ್ಲಾಗಿ ಕೂರಬೇಕು ಎಂಬುದು ಮಂಡಳಿಗಳ ಆಸೆ. ಶುಲ್ಕದ ಪಟ್ಟಿ ಏಜೆನ್ಸಿಯ ಲೆಟರ್‌ಹೆಡ್‌ನಲ್ಲಿರಲಿ, ನೀವೇ ಟೈಪ್ ಮಾಡಿದ್ದು ಸಾಲದು. ಇತ್ತೀಚಿನ 1040 ಆದಾಯ ತೆರಿಗೆ ರಿಟರ್ನ್ ಎಲ್ಲ ಪುಟಗಳ ಸಮೇತ ಬೇಕು. ಹೋಮ್ ಸ್ಟಡಿಗೆ ಸಾಮಾನ್ಯವಾಗಿ ವರ್ಷ ಒಂದೂವರೆ ವರ್ಷದ ಆಯುಸ್ಸು, ಮಂಡಳಿ ಕೂರುವ ದಿನಕ್ಕೆ ಅವಧಿ ಮುಗಿದಿದ್ದರೆ ಕಡತ ಪಕ್ಕಕ್ಕೆ ಹೋಗುತ್ತದೆ. ಏಜೆನ್ಸಿ 501(ಸಿ)(3) ಮಾನ್ಯತೆಯ ಲಾಭರಹಿತ ಸಂಸ್ಥೆಯೇ ಆಗಿರಬೇಕೆಂದು ಕೆಲವರು ಪಟ್ಟು ಹಿಡಿಯುತ್ತಾರೆ. ಏಜೆನ್ಸಿ ಆರಿಸಿಕೊಳ್ಳುವ ಹಂತದಲ್ಲೇ ಇದು ತಲೆಯಲ್ಲಿದ್ದರೆ ಆಮೇಲೆ ಕೈಕೈ ಹಿಸುಕಿಕೊಳ್ಳಬೇಕಿಲ್ಲ.

ದತ್ತು ಮುರಿದುಬಿದ್ದರೆ ಇನ್ನೂ ಪಾವತಿಯಾಗದ ಗ್ರಾಂಟ್ ನಿಧಿಗೆ ಮರಳುವುದೇ ಹೆಚ್ಚು. ಮುಂದಿನ ಪ್ರಯತ್ನಕ್ಕೆ ಕಾಯ್ದಿರಿಸುತ್ತಾರೆಯೇ ಎಂದು ಮಂಜೂರಾತಿ ಪತ್ರಕ್ಕೆ ಸಹಿ ಹಾಕುವ ಮೊದಲೇ ಕೇಳಿ.

ಬಡ್ಡಿಯಿಲ್ಲದ ಸಾಲ

ನಮ್ಮವರಿಗೆ ಸಾಲ ಎಂದರೆ ಸಂಕೋಚ, ಗ್ರಾಂಟ್ ಎಂದರೆ ಇನ್ನೂ ಹೆಚ್ಚು ಸಂಕೋಚ. ಎರಡರಲ್ಲಿ ತಿಂಗಳ ಸಂಬಳ ಚೆನ್ನಾಗಿದ್ದು ಕೈಯಲ್ಲಿ ಇಡಿಗಂಟು ಇಲ್ಲದವರಿಗೆ ಒಪ್ಪುವುದು ಸಾಲವೇ.

10,000 ಡಾಲರನ್ನು ಐದು ವರ್ಷದಲ್ಲಿ ತೀರಿಸುವುದಾದರೆ ಬಡ್ಡಿಯಿಲ್ಲದ ಸಾಲಕ್ಕೆ ತಿಂಗಳಿಗೆ ಸುಮಾರು 167 ಡಾಲರ್. ಅದನ್ನೇ ಶೇ. 12ರ ವೈಯಕ್ತಿಕ ಸಾಲವಾಗಿ ತಂದರೆ ತಿಂಗಳಿಗೆ 222, ಒಟ್ಟು ಬಡ್ಡಿ ಸುಮಾರು 3,350. ಅಂದರೆ ಬಡ್ಡಿಯಿಲ್ಲದ ಸಾಲವೆಂಬುದು ಮೂರು ಸಾವಿರದ ಚಿಲ್ಲರೆ ಡಾಲರ್‌ನ ದಾನವೇ ಸರಿ, ಟ್ಯಾಕ್ಸ್ ಕ್ರೆಡಿಟ್‌ಗೆ ಕತ್ತರಿ ಹಾಕದ ದಾನ.

ಇಲ್ಲಿ ಕೊಡುವವರು ಮುಖ್ಯವಾಗಿ ಎರಡು ಬಗೆ. ಲೈಫ್‌ಸಾಂಗ್‌ನಂಥ ದತ್ತು ಸಂಸ್ಥೆಗಳು ಒಂದು ಕಡೆ. ಯಹೂದಿ ಸಮುದಾಯ ಕಟ್ಟಿದ ಬಡ್ಡಿರಹಿತ ಸಾಲದ ಸೊಸೈಟಿಗಳು ಇನ್ನೊಂದು ಕಡೆ. ನ್ಯೂಯಾರ್ಕಿನ ಹೀಬ್ರೂ ಫ್ರೀ ಲೋನ್ ಸೊಸೈಟಿ 1892ರಿಂದ ನಡೆದುಬಂದಿದ್ದು, ಧರ್ಮ ನೋಡದೆ ಸಾಲ ಕೊಡುತ್ತದೆ. ಬೇರೆ ನಗರಗಳ ಇಂಥ ಸೊಸೈಟಿಗಳಲ್ಲಿ ಕೆಲವು ತಮ್ಮ ಸಮುದಾಯಕ್ಕೆ ಮಾತ್ರ, ಕೆಲವು ಎಲ್ಲರಿಗೂ. ವಾಸದ ಊರಿನ ಷರತ್ತು ಇದ್ದೇ ಇರುತ್ತದೆ.

ತೊಡಕು ಇರುವುದು ಜಾಮೀನುದಾರರಲ್ಲಿ. ಕ್ರೆಡಿಟ್ ಸ್ಕೋರ್ ಚೆನ್ನಾಗಿರುವ, ಅಮೆರಿಕದಲ್ಲೇ ಆದಾಯವಿರುವ ಒಬ್ಬಿಬ್ಬರು ಸಹಿ ಹಾಕಬೇಕಾಗುತ್ತದೆ. ಊರಿನ ಅಣ್ಣ ಎಷ್ಟೇ ಸ್ಥಿತಿವಂತನಾದರೂ ಇಲ್ಲಿ ನಡೆಯುವುದಿಲ್ಲ. ಸ್ನೇಹಿತರನ್ನು ಕೇಳುವಾಗ ಇದು ಶಿಫಾರಸು ಪತ್ರವಲ್ಲ, ನೀವು ಕಟ್ಟದಿದ್ದರೆ ಅವರೇ ಕಟ್ಟಬೇಕಾದ ಹೊಣೆ ಎಂದು ಬಿಡಿಸಿ ಹೇಳಿ. ದತ್ತು ಮುರಿದರೂ ಸಾಲ ಸಾಲವೇ. ಗ್ರಾಂಟ್‌ಗೂ ಇದಕ್ಕೂ ಇರುವ ಅತಿ ದೊಡ್ಡ ವ್ಯತ್ಯಾಸ ಇದು. ಮೊದಲ ಕಂತು ಎಂದು ಶುರುವಾಗುತ್ತದೆ, ಟ್ಯಾಕ್ಸ್ ಕ್ರೆಡಿಟ್ ಬಂದೊಡನೆ ಒಟ್ಟಿಗೆ ತೀರಿಸಬಹುದೇ ಎಂದು ವಿಚಾರಿಸಿ. ಕ್ರೆಡಿಟ್ ಬಂದಾಗ ಒಂದು ದೊಡ್ಡ ಪಾಲು ಕಟ್ಟಲೇಬೇಕೆಂದು ಒಪ್ಪಂದದಲ್ಲೇ ಬರೆಯುವವರೂ ಇದ್ದಾರೆ.

ಮ್ಯಾಚಿಂಗ್ ಗ್ರಾಂಟ್ ಮತ್ತು ಆನ್‌ಲೈನ್ ಚಂದಾ

ಎರಡರಲ್ಲೂ ಕೈಯೊಡ್ಡುವುದು ಪರಿಚಯದವರ ಮುಂದೆಯೇ, ಆದರೆ ಕೊಡುವವರಿಗೆ ಎರಡೂ ಒಂದಲ್ಲ. ಮ್ಯಾಚಿಂಗ್‌ನಲ್ಲಿ ಚಂದಾ ಹೋಗುವುದು ದಾನಿ ಸಂಸ್ಥೆಗೆ. ನೀವು 4,000 ಕೂಡಿಸಿದರೆ ಅವರೂ ಒಪ್ಪಿದ ಮಿತಿಯೊಳಗೆ 4,000 ಸೇರಿಸಿ ಏಜೆನ್ಸಿಗೆ ಕಟ್ಟುತ್ತಾರೆ. ಹಣದ ಮೇಲೆ ಸಂಸ್ಥೆಗೇ ಪೂರ್ಣ ಹಿಡಿತವಿದ್ದರೆ ದಾನಿಗಳಿಗೆ ತೆರಿಗೆ ವಿನಾಯಿತಿ ಸಿಗಬಹುದು. "ಇಂಥ ಕುಟುಂಬಕ್ಕೇ ಕೊಡಿ" ಎಂದು ಕಟ್ಟುಹಾಕಿ ಕೊಟ್ಟರೆ ಸಿಗದು. ಅದಕ್ಕೇ ಈ ಸಂಸ್ಥೆಗಳು ಮನವಿ ಪತ್ರದ ಒಕ್ಕಣೆಯ ಬಗ್ಗೆ ಅಷ್ಟು ಕಟ್ಟುನಿಟ್ಟು. ನೀವು ಚೆಕ್ಕಿನ ಕೆಳಗೆ ನಿಮ್ಮ ಹೆಸರು ಬರೆಯಿರೆಂದು ಹೇಳಿ ಕೆಡಿಸಬೇಡಿ. ಬೇಕಾದ್ದಕ್ಕಿಂತ ಹೆಚ್ಚು ಕೂಡಿದರೆ ಮಿಕ್ಕದ್ದು ನಿಮಗಲ್ಲ, ನಿಧಿಗೆ.

ಗೋಫಂಡ್‌ಮಿ ಥರದ ವೇದಿಕೆಯಲ್ಲಿ ಹಣ ನೇರ ನಿಮ್ಮ ಕೈಗೆ, ಬೇಗನೆ ಬರುತ್ತದೆ, ಯಾವ ಅರ್ಹತೆಯ ತಕರಾರೂ ಇಲ್ಲ. ಪ್ರತಿ ದಾನದಿಂದ ಶೇ. 2.9 ಮತ್ತು 30 ಸೆಂಟ್ ಕಡಿತವಾಗುತ್ತದೆ. ನೂರು ಜನ ತಲಾ ನೂರು ಡಾಲರ್ ಕೊಟ್ಟರೆ ಕಡಿತ 320, ಕೈಗೆ 9,680. ಕೊಟ್ಟವರಿಗೆ ವಿನಾಯಿತಿ ಇಲ್ಲ, ಅದು ವೈಯಕ್ತಿಕ ಉಡುಗೊರೆ.

ಬೆಲೆ ತೆರುವುದು ಖಾಸಗಿತನದಲ್ಲಿ. ಹೆತ್ತ ತಾಯಿಯ ಕಷ್ಟ, ಮಗುವಿನ ಕಾಯಿಲೆ ಇವನ್ನು ಬರೆದಷ್ಟೂ ಚಂದಾ ಹೆಚ್ಚುತ್ತದೆ ಎಂಬುದು ನಿಜ. ಆದರೆ ಹತ್ತು ವರ್ಷದ ಮೇಲೆ ಆ ಪುಟವನ್ನು ಓದುವುದು ಅದೇ ಮಗು. ಇನ್ನೂ ಕಾನೂನುಬದ್ಧವಾಗಿ ನಿಮ್ಮದಾಗದ ಮಗುವಿನ ಹೆಸರು, ಫೋಟೊ ಹಾಕಿದರೆ ಏಜೆನ್ಸಿಯ ನಿಯಮ ಮುರಿದಂತೆ. ಹೊರದೇಶದ ದತ್ತಿನಲ್ಲಿ ಪ್ರಕರಣವೇ ಕೆಡಬಹುದು. ಹೋಮ್ ಸ್ಟಡಿಗೂ ಮೊದಲೇ ಚಂದಾ ಶುರುಮಾಡಿ, ಆಮೇಲೆ ಅನುಮೋದನೆ ಸಿಗದೆ ನೂರು ಜನಕ್ಕೆ ಲೆಕ್ಕ ಒಪ್ಪಿಸುವ ಸ್ಥಿತಿಯೂ ಬೇಡ. ಪರಿಚಯದ ಬಳಗ ದೊಡ್ಡದಿದ್ದು ತುರ್ತಾಗಿ ಐದಾರು ಸಾವಿರದ ಕೊರತೆ ತುಂಬಬೇಕಿದ್ದರೆ ಇದು ಸರಿ. ಇಡೀ ಖರ್ಚನ್ನು ಇದರ ಮೇಲೆ ಹೇರುವುದು ಸರಿಯಲ್ಲ.

ಕಂಪನಿಯ ನೆರವು

ದಾನದ ಬಾಗಿಲು ತಟ್ಟುವ ಮೊದಲು ಎಚ್‌ಆರ್ ಬಾಗಿಲು ತಟ್ಟಿ, ಗಂಡ ಹೆಂಡತಿ ಇಬ್ಬರ ಕಂಪನಿಯಲ್ಲೂ. 2025ರಲ್ಲಿ ಒಂದು ಮಗುವಿಗೆ 17,280 ಡಾಲರ್‌ವರೆಗೆ ಕಂಪನಿ ಕೊಟ್ಟದ್ದಕ್ಕೆ ಆದಾಯ ತೆರಿಗೆ ಇಲ್ಲ, ಸೋಶಿಯಲ್ ಸೆಕ್ಯುರಿಟಿ ಮತ್ತು ಮೆಡಿಕೇರ್ ಕಡಿತ ಮಾತ್ರ ಇದೆ. ಇದಕ್ಕೂ ಮೇಲೆ ಹೇಳಿದ ಆದಾಯದ ಗೆರೆಯೇ ಅನ್ವಯ. ಒಂದೇ ಖರ್ಚಿಗೆ ಎರಡೂ ಸಿಗದು, ಆದರೆ ಖರ್ಚು ದೊಡ್ಡದಿದ್ದರೆ ಒಂದು ಪಾಲಿಗೆ ಕಂಪನಿ ಹಣ, ಇನ್ನೊಂದು ಪಾಲಿಗೆ ಕ್ರೆಡಿಟ್ ಎಂದು ಎರಡನ್ನೂ ಪಡೆಯಬಹುದು. ಬಹಳ ಕಂಪನಿಗಳು ದತ್ತು ಅಂತಿಮವಾದ ಮೇಲೆಯೇ ರಸೀದಿ ನೋಡಿ ಕೊಡುತ್ತವೆ. ನಡುವೆ ಕೆಲಸ ಬಿಟ್ಟರೆ ಅಥವಾ ಕೆಲಸ ಹೋದರೆ ಆ ಹಣವೂ ಹೋಯಿತು. ಸೇನೆಯಲ್ಲಿರುವವರಿಗೆ ಮಗುವಿಗೆ 2,000 ಡಾಲರ್‌ವರೆಗೆ ಮರುಪಾವತಿ ಇದೆ.

ನಿವೃತ್ತಿ ಖಾತೆಯಿಂದಲೂ ದತ್ತು ಅಂತಿಮವಾದ ಒಂದು ವರ್ಷದೊಳಗೆ ತಲಾ 5,000 ಡಾಲರ್ ದಂಡವಿಲ್ಲದೆ ತೆಗೆಯಬಹುದು. ಆದಾಯ ತೆರಿಗೆ ಮಾತ್ರ ತಪ್ಪದು. ಇದು ಕೊನೆಯ ಆಯ್ಕೆಯಾಗಿರಲಿ.

ಫಾಸ್ಟರ್ ಕೇರ್: ದಾನವೇ ಬೇಕಿಲ್ಲದ ದಾರಿ

ರಾಜ್ಯವು "ಸ್ಪೆಷಲ್ ನೀಡ್ಸ್" ಎಂದು ನಿರ್ಧರಿಸಿದ ಮಗುವನ್ನು ದತ್ತು ಪಡೆದರೆ, ಒಂದು ಡಾಲರ್ ಖರ್ಚಾಗದಿದ್ದರೂ ಪೂರ್ತಿ ಟ್ಯಾಕ್ಸ್ ಕ್ರೆಡಿಟ್ ಕೇಳಬಹುದು. ಈ ಪದಕ್ಕೆ ಅಂಗವೈಕಲ್ಯ ಎಂದೇ ಅರ್ಥವಲ್ಲ. ವಯಸ್ಸು ಹೆಚ್ಚಿರುವುದು, ಒಡಹುಟ್ಟಿದವರ ಗುಂಪು ಇವೂ ಅದರಲ್ಲಿ ಸೇರಬಹುದು. ಹೊರದೇಶದ ಮಗುವಿಗೆ ಎಂಥ ಕಾಯಿಲೆಯಿದ್ದರೂ ಈ ಸೌಲಭ್ಯ ಇಲ್ಲ, ಇಲ್ಲಿ ಎಡವುವವರು ಬಹಳ. ವಕೀಲರು, ನ್ಯಾಯಾಲಯ ಮುಂತಾದ ಒಂದು ಸಲದ ಖರ್ಚಿಗೆ 2,000 ಡಾಲರ್‌ವರೆಗೆ ಮರುಪಾವತಿಯೂ ಉಂಟು. ಬಹಳ ಮಕ್ಕಳಿಗೆ ತಿಂಗಳ ಸಹಾಯಧನ, ಮೆಡಿಕೇಡ್ ಎಂಬ ಸರ್ಕಾರಿ ಆರೋಗ್ಯ ವಿಮೆ ಕೂಡ. ಆದರೆ ಸಹಾಯದ ಒಪ್ಪಂದಕ್ಕೆ ದತ್ತು ಅಂತಿಮವಾಗುವ ಮೊದಲೇ ಸಹಿಯಾಗಿರಬೇಕು. ನ್ಯಾಯಾಲಯದ ದಿನಾಂಕ ಹತ್ತಿರ ಬಂತೆಂಬ ಗಡಿಬಿಡಿಯಲ್ಲಿ ಇದನ್ನು ಮುಂದಕ್ಕೆ ಹಾಕಬಾರದು.

ಭಾರತದಿಂದ ದತ್ತು ಪಡೆಯುವವರಿಗೆ

ಭಾರತದ ಕಡೆಯ ಶುಲ್ಕ ಅಲ್ಲಿನ ಕೇಂದ್ರ ದತ್ತು ಪ್ರಾಧಿಕಾರವಾದ ಕಾರಾ ನಿಗದಿ ಮಾಡಿದ 5,000 ಡಾಲರ್. ಉಳಿದ ಭಾರವೆಲ್ಲ ಅಮೆರಿಕದ ಏಜೆನ್ಸಿ, ವಲಸೆ ಇಲಾಖೆಯ ಅರ್ಜಿ, ಪ್ರಯಾಣದ್ದು. ಹೊರದೇಶದ ದತ್ತಿನ ಕುರಿತ ಹೇಗ್ ಅಂತಾರಾಷ್ಟ್ರೀಯ ಒಪ್ಪಂದದ ದಾರಿಯಲ್ಲಿ, ದತ್ತು ಪಡೆಯಲು ಅರ್ಹರೆಂದು ಒಪ್ಪಿಗೆ ಕೋರುವ ಐ-800ಎ ಅರ್ಜಿ ಹಾಕಲು ದಂಪತಿಗಳಲ್ಲಿ ಒಬ್ಬರಾದರೂ ಅಮೆರಿಕದ ಪೌರರಾಗಿರಬೇಕು, ಗ್ರೀನ್ ಕಾರ್ಡ್ ಸಾಲದು. ಗ್ರಾಂಟ್ ಸಂಸ್ಥೆಗಳೂ ಪೌರತ್ವ ಅಥವಾ ಕಾಯಂ ವಾಸದ ಹಕ್ಕನ್ನು ಕೇಳುವುದು ಸಾಮಾನ್ಯ. ಎಚ್-1ಬಿಯಲ್ಲಿರುವವರಿಗೆ ವಾಸ್ತವವಾಗಿ ಉಳಿಯುವುದು ಕಂಪನಿಯ ನೆರವು, ಕೆಲವು ಸಾಲಗಳು, ಬಳಗದ ಚಂದಾ. ಹೊರದೇಶದ ದತ್ತಿನಲ್ಲಿ ಟ್ಯಾಕ್ಸ್ ಕ್ರೆಡಿಟ್ ತಡವಾಗಿ ಬರುವುದರಿಂದ ಸಾಲದ ಅವಧಿ ಉದ್ದವಿರುವುದನ್ನೇ ಆರಿಸಿ.

ಜೋಡಿಸುವುದು ಹೇಗೆ

2025ರಲ್ಲಿ ಅಂತಿಮವಾದ ದೇಶದೊಳಗಿನ ದತ್ತು ಎಂದುಕೊಳ್ಳೋಣ. ಅರ್ಹ ಖರ್ಚು 40,000. ಉಳಿತಾಯ 12,000, ಗ್ರಾಂಟ್ 6,000, ಬಡ್ಡಿಯಿಲ್ಲದ ಸಾಲ 15,000, ಕಂಪನಿಯಿಂದ 7,000. ಕೂಡಿದರೆ ಸರಿಹೋಯಿತು ಅನಿಸುತ್ತದೆ. ಆದರೆ ಕಂಪನಿ ಕೊಡುವುದು ಅಂತಿಮವಾದ ಮೇಲೆ. ಮಗು ಮನೆಗೆ ಬರುವ ದಿನ 7,000 ಕಡಿಮೆಬೀಳುತ್ತದೆ. ಆ ಸಂದು ಮುಚ್ಚಲೆಂದೇ ನೆಂಟರ ಕೈಸಾಲವೋ ಸಣ್ಣ ಚಂದಾವೋ ಬೇಕು. ಗ್ರಾಂಟ್ ಮತ್ತು ಕಂಪನಿ ಹಣ ಕಳೆದರೆ ಕ್ರೆಡಿಟ್ ಲೆಕ್ಕಕ್ಕೆ 27,000 ಉಳಿಯುತ್ತದೆ, ಮಿತಿಗಿಂತ ಹೆಚ್ಚು. ಹಾಗಾಗಿ 17,280 ಪೂರ್ತಿ ಸಿಗುತ್ತದೆ. ಆ ವರ್ಷದ ತೆರಿಗೆ 12,280ಕ್ಕಿಂತ ಹೆಚ್ಚಿದ್ದರೆ ಒಂದೇ ಸಲಕ್ಕೆ ಬಳಕೆಯಾಗುತ್ತದೆ. 15,000ದ ಸಾಲ ತೀರಿಸಿ 2,280 ಉಳಿಯುತ್ತದೆ.

ಆದಾಯ ಕ್ರೆಡಿಟ್‌ನ ಗೆರೆ ದಾಟಿದವರಿಗೆ ಗ್ರಾಂಟ್ ಸಿಗುವ ಸಾಧ್ಯತೆಯೂ ಕಡಿಮೆ. ಅವರು ಕಂಪನಿಯ ನೆರವನ್ನು ತೆರಿಗೆ ಕಟ್ಟಿಯಾದರೂ ತೆಗೆದುಕೊಂಡು, ಮಿಕ್ಕದ್ದಕ್ಕೆ ಸಾಲ ನೋಡಬೇಕು. ಕಡಿಮೆ ಆದಾಯದವರು ಗ್ರಾಂಟ್‌ಗಳ ಬೆನ್ನು ಹತ್ತಲಿ, ಮೂರು ನಾಲ್ಕು ಕಡೆ ಒಟ್ಟಿಗೆ ಹಾಕಲಿ, ಒಂದು ಕಡೆ ಸಿಕ್ಕೊಡನೆ ಉಳಿದವರಿಗೆ ತಿಳಿಸಲಿ. ಏಜೆನ್ಸಿಯಿಂದ ಕರೆ ಬಂದು ಮೂರು ವಾರದಲ್ಲಿ ದೊಡ್ಡ ಕಂತು ಕಟ್ಟಬೇಕಾದವರಿಗೆ ಹೊಸ ಗ್ರಾಂಟ್ ಅರ್ಜಿಯಿಂದ ಉಪಯೋಗವಿಲ್ಲ. ಕಂತನ್ನು ಎರಡು ಭಾಗ ಮಾಡಿಕೊಡಿ ಎಂದು ಏಜೆನ್ಸಿಯನ್ನೇ ಕೇಳುವುದು ಹೆಚ್ಚು ಫಲ ಕೊಡುತ್ತದೆ.

ಯಾವ ಸಂಸ್ಥೆಗೆ ಹಾಕುವ ಮೊದಲೂ ಅಮೆರಿಕದ ತೆರಿಗೆ ಇಲಾಖೆಯಾದ ಐಆರ್‌ಎಸ್‌ನ ತೆರಿಗೆ ವಿನಾಯಿತಿ ಸಂಸ್ಥೆಗಳ ಹುಡುಕು ಪುಟದಲ್ಲಿ ಅದರ ಹೆಸರಿದೆಯೇ ನೋಡಿ. ಅಲ್ಲೇ ಅದರ ಫಾರ್ಮ್ 990, ಅಂದರೆ ವಾರ್ಷಿಕ ಲೆಕ್ಕಪತ್ರ ಸಿಗುತ್ತದೆ. ಅದರ ಶೆಡ್ಯೂಲ್ ಐ ಮೂರನೇ ಭಾಗದಲ್ಲಿ ವ್ಯಕ್ತಿಗಳಿಗೆ ಎಷ್ಟು ನೆರವು, ಎಷ್ಟು ಜನಕ್ಕೆ ಎಂದು ಬರೆದಿರುತ್ತದೆ. ಮೊತ್ತವನ್ನು ಜನರಿಂದ ಭಾಗಿಸಿದರೆ ಸರಾಸರಿ ಗ್ರಾಂಟ್ ಎಷ್ಟೆಂದು ಗೊತ್ತಾಗುತ್ತದೆ. ಜಾಹೀರಾತಿನ "ಗರಿಷ್ಠ" ಎಂಬ ಅಂಕಿಗಿಂತ ಅದು ನಂಬಿಕಸ್ಥ. ಮುಂಗಡ ಕಟ್ಟಿದರೆ ಗ್ರಾಂಟ್ ಖಚಿತ ಎನ್ನುವವರು ಸಿಕ್ಕರೆ ಅಲ್ಲಿಗೇ ಫೋನ್ ಇಡಿ.